ಮಡ್ಡಿಯ ತಂತಿ ಬೇಲಿ

ಮಾಳೇಶ,

ನೀನೀಗ ಎಲ್ಲಿ ಕುರಿಹಿಂಡು ತರುಬಿ ಬೀಡುಬಿಟ್ಟಿದ್ದೀಯೋ, ಈ ಕಾಗದ ಯಾವ ಊರಿಗೆ ಹಾಕಲಿ? ಆದರೂ ಹೇಳದೆ ಇರಲಾಗದು.

ಕೊಕಟನೂರ ಮಡ್ಡಿಗೆ, ಈ ಹುಲ್ಲುಗಾವಲಿಗೆ, ನಾನಿನ್ನೂ ಕಾವಲುಗಾರ. ಹುಲ್ಲು ಉಳಿಯಲಿ, ತೋಳ ಉಳಿಯಲಿ ಎಂದು ಸರಕಾರ ಹಾಕಿಸಿದ ಬೇಲಿ ಹಾಗೇ ಇದೆ. ಇವತ್ತು ಬೆಳಗ್ಗೆ ಅದೇ ತಂತಿಗೆ ಹೆಣ್ಣು ತೋಳವೊಂದು ಸಿಕ್ಕಿಬಿದ್ದಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ನೀನಿದ್ದಾಗ, ಹಿಂದೆ ಬಿದ್ದ ಕುರಿಯನ್ನು ತೋಳ ಎಳೆದೊಯ್ದರೂ ನೀನು ಕಲ್ಲೆತ್ತುತ್ತಿರಲಿಲ್ಲ. "ಅದರ ಪಾಲು ಅದು ಒಯ್ದೈತಿ, ಬಿಡಲೇ" ಅನ್ನುತ್ತಿದ್ದೆ. ನಿನ್ನ ಕುರಿಗಳನ್ನು ಹೊರಹಾಕಿ ನಾನು ಗೇಟಿಗೆ ಬೀಗ ಜಡಿದ ದಿನ ನೀನು ಹಿಂಡು ಹೊಡೆದುಕೊಂಡು ಹೊರಟುಹೋದೆ; ತೋಳದ ಪಾಲೂ ನಿನ್ನ ಜೊತೆಗೇ ಹೋಯಿತು.

ಇಕ್ಕಳ ತಂದು ತಂತಿ ಕತ್ತರಿಸಿದೆ. ಕೈಯೆಲ್ಲ ರಕ್ತ, ಅದರದೋ ನನ್ನದೋ. ಅರಣ್ಯ ಇಲಾಖೆಯ ಸಾಹೇಬರು ಜೀಪಿನಿಂದ ಇಳಿದವರೇ ಚೀರಿದರು: "ಸರಕಾರದ ಬೇಲಿ ಕಡದಿಯೇನಲೇ? ಇನ್ನ ಯಾರ್ ಬೇಕಾದವ್ರು ಒಳಗ ಬರ್ತಾರ!"

"ಬರ್ಲಿ ಬಿಡ್ರಿ ಸಾಹೇಬ್ರ," ಅಂದೆ. "ಯಾರರ ಬರ್ಲಿ."

ಎದ್ದ ತೋಳ ಒಳಗಿನ ಹುಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ ಮಾಳೇಶ. ಕುಂಟುತ್ತ, ನಿನ್ನ ಹಿಂಡು ಹೋದ ದಾರಿ ಹಿಡಿಯಿತು.