ಅಡುಗೆಮನೆ ಗೋಡೆಯ ಪದ್ಯ

ಗುರುವಾರ, ೧೩ ನವೆಂಬರ್ ೨೦೨೫. ಔರಾದ.

ಇವತ್ತು ಶಾಲೆಯಲ್ಲಿ ಮೊದಲ ಕಪ್ ಚಹಾ ನಸ್ರೀನ ಟೀಚರಿಗೆ ಹೋಯಿತು. ಹನ್ನೊಂದು ವರ್ಷ ಅದು ನನ್ನದಾಗಿತ್ತು. ಅವಳು ಬೀದರಿನಿಂದ ವರ್ಗವಾಗಿ ಬಂದು ಹನ್ನೊಂದು ವಾರವೂ ಆಗಿಲ್ಲ.

ಮಧ್ಯಾಹ್ನ ಬಿಸಿಯೂಟದ ಒಗ್ಗರಣೆ ಎಣ್ಣೆ ಕಡಾಯಿಯಲ್ಲೇ ಹೊತ್ತಿಕೊಂಡಿತು. ಅಲ್ಲಿ ಗೋಡೆಯ ಮೇಲೆ ನಾನು ಬರೆಸಿದ ಪದ್ಯವಿದೆ: 'ಬೆಂಕಿ ಎದ್ದರೆ ಹೆದರದಿರು, ಬಿಂದಿಗೆ ನೀರು ಮರೆಯದಿರು.' ಅಡುಗೆಯ ಲಲಿತಾಬಾಯಿಗೆ ಅದು ಬಾಯಿಪಾಠ. ಬಿಂದಿಗೆ ಎತ್ತಿಯೇಬಿಟ್ಟಿದ್ದಳು.

"ನೀರ ಬ್ಯಾಡ್ರಿ ಬಾಯಿ, ಹಿಂದ ಸರೀರಿ" ಎಂದು ನಸ್ರೀನ ಗ್ಯಾಸ್ ಬಂದ್ ಮಾಡಿ, ಕಡಾಯಿಯ ಮೇಲೆ ದೊಡ್ಡ ಮುಚ್ಚಳ ಸರಿಸಿದಳು. ಉರಿ ಆರಿತು.

ಆಮೇಲೆ ಮಕ್ಕಳಿಗೆ ಪಾಠ. "ಈ ಎಣ್ಣಿ ಸೋಯಾದ್ದು. ಸೋಯಾ ಗಿಡ ಬಿಸಲನ್ನ ಎಣ್ಣ್ಯಾಗ ಕೂಡಿಟ್ಟಿರ್ತದ. ಎಣ್ಣಿ ಉರಿದಾಗ ಅದು ಹೊರಗ ಬರ್ತದ, ಗಾಳಿ ಸಿಗಲಿಲ್ಲಂದ್ರ ಸುಮ್ನಾಗ್ತದ. ಕಾದ ಎಣ್ಣಿಗಿ ನೀರ ಹಾಕಿದ್ರ ಒಮ್ಮೆಲೆ ಆವಿಯಾಗಿ, ಉರಿಯೋ ಎಣ್ಣಿ ಮಾರಿಗಿ ಸಿಡಸ್ತದ."

ಒಂದೂ ಪ್ರಾಸವಿಲ್ಲ. ಆದರೂ ಮಕ್ಕಳು ಬಾಯಿ ತೆರೆದು ಕೇಳಿದರು. ನನ್ನ ಕನ್ನಡ ತರಗತಿಯಲ್ಲಿ ಅವರು ಬಾಯಿ ತೆರೆಯುವುದು ಆಕಳಿಸಲಿಕ್ಕೆ.

ಲಲಿತಾಬಾಯಿ ನನಗೆ ಎರಡನೇ ಕಪ್ ಕೊಡುತ್ತ, "ಸರ, ನಿಮ್ಮ ಪದ್ಯ ನಂಬಿದ್ರ ಇವತ್ತ ನನ್ನ ಮಾರಿ ಸುಟ್ಟ ಹೋಗ್ತಿತ್ತು ನೋಡ್ರಿ" ಎಂದು ನಕ್ಕಳು.

ಸಂಜೆಯಿಂದ ಹೊಸ ಪದ್ಯ ಕಟ್ಟುತ್ತಿದ್ದೇನೆ. 'ಮುಚ್ಚಳ ಮುಚ್ಚು' ಎಂದರೆ ಮುಂದೆ 'ಹೊಟ್ಟೆಕಿಚ್ಚು' ಒಂದೇ ಹೊಳೆಯುತ್ತಿದೆ. ಸಾಕು. ನಾಳೆ ಪೇಂಟರನ್ನು ಕರೆಸಿ ನಸ್ರೀನಳ ಮಾತನ್ನೇ ಬರೆಸುತ್ತೇನೆ. ಕೆಳಗೆ ಅವಳ ಹೆಸರಿಗೆ ಗೋಡೆಯಲ್ಲೇನೋ ಜಾಗವಿದೆ, ನನ್ನ ಮನಸ್ಸಿನಲ್ಲಿ ಇನ್ನೂ ಮಾಡಿಕೊಳ್ಳಬೇಕಿದೆ.