ಹರಿತಾಳ ವಯಸ್ಸು

ಫೆಬ್ರವರಿ ೧೮, ಗುರುವಾರ

ಹತ್ತೊಂಬತ್ತು. ಆ ಅಂಕಿ ತಲೆಯಿಂದ ಹೋಗುತ್ತಿಲ್ಲ.

ಜನಗಣತಿಗೆಂದು ಇವತ್ತು ಓಬಳಮ್ಮನವರ ಮನೆಗೆ ಹೋಗಿದ್ದೆ. ಹೊಸ ಸೊಸೆಯನ್ನು ಕರೆದರು. ಬಂದು ನಿಂತವಳು ಹರಿತಾ! ಹೋದ ಜೂನ್ ತನಕ ನನ್ನ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವಳು. ಬೇರೆ ಶಾಲೆಗೆ ಸೇರಿಸ್ತೀವಿ ಎಂದು ಅವಳಪ್ಪ ಕೇಳಿದಾಗ ಟಿ.ಸಿ. ಬರೆದುಕೊಟ್ಟವನು ನಾನೇ. ಜನ್ಮದಿನಾಂಕವೂ ನನ್ನ ಕೈಬರಹದಲ್ಲೇ ಇದೆ. ಬರುವ ಮೇ ತಿಂಗಳಿಗೆ ಹದಿನಾರು ತುಂಬುತ್ತದೆ.

"ವಯಸ್ಸು?" ಎಂದೆ.

"ಹತ್ತೊಂಬತ್ತು ಅಂತ ಹೇಳಮ್ಮ," ಎಂದರು ಓಬಳಮ್ಮ.

ತರಗತಿಯಲ್ಲಿ ಉತ್ತರ ಹೇಳುವಾಗ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ನಿಂತಳು. "ಹತ್ತೊಂಬತ್ತು ಸಾರ್."

ಹೇಳಿದ್ದನ್ನೇ ಬರೆದುಕೊಳ್ಳಿ, ದಾಖಲೆ ಕೇಳಬೇಡಿ ಎಂದು ತರಬೇತಿಯಲ್ಲಿ ಹೇಳಿದ್ದಾರೆ. ಬರೆದುಕೊಂಡೆ. ಕಾಫಿ ಕೊಟ್ಟರು, ಅದನ್ನೂ ಕುಡಿದೆ. ಮಕ್ಕಳ ಸಹಾಯವಾಣಿಯ ನಂಬರನ್ನು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದವನೂ ನಾನೇ. ಥೂ.

ಲೋಟ ತೆಗೆದುಕೊಳ್ಳಲು ಬಂದವಳು ಅತ್ತೆಗೆ ಕೇಳಿಸದಂತೆ ಮೆಲ್ಲಗೆ ಹೇಳಿದಳು: "ತಪ್ಪು ಹೇಳಿದ್ರೆ ಕ್ಲಾಸಲ್ಲಿ ನೀವು ಬಿಡ್ತಾನೇ ಇರ್ಲಿಲ್ಲ ಸಾರ್."

ನಾನು ಚೀಲ ಹೆಗಲಿಗೇರಿಸಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ.