ಎಲ್ಲದಕ್ಕೂ ಒಂದೇ ಗ್ರೀಸ್

ವರ್ಕ್‌ಶಾಪಿನ ಹಿಂದಿನ ಕೋಣೆಯಿಂದ
ಗುರುವಾರ, ನವೆಂಬರ್ ೧೪

ಪ್ರೀತಿಯ ದೊಡ್ಡೋನೇ,

ಹೇಗಿದ್ದೀಯಪ್ಪಾ? ಹೊಟ್ಟಿನ ಧೂಳಿಗೆ ಹತ್ತಿಕೊಂಡ ಕೆಮ್ಮು ಇಳಿಯಿತೇ? ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ "ನಾನೇನು ಕಳ್ಳನಾ ಅಮ್ಮಾ" ಎನ್ನುತ್ತೀಯ. ಕಟ್ಟಿಕೋ, ಹೊಲದಲ್ಲಿ ನಿನ್ನನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಇಲ್ಲಿ ನಿನ್ನ ಹೆಂಡತಿ ಆರೋಗ್ಯವಾಗಿದ್ದಾಳೆ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೇ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ, ಮುಟ್ಟಲು ನಮಗೆ ಯಾರಿಗೂ ಅಪ್ಪಣೆಯಿಲ್ಲ. ನನ್ನ ಮಂಡಿ ಹೇಗಿತ್ತೋ ಹಾಗೇ ಕಿರುಗುಟ್ಟುತ್ತಿದೆ. "ಅತ್ತೇ, ಮಂಡಿಗೂ ಒಂದಿಷ್ಟು ಗ್ರೀಸ್ ತುಂಬಿಸ್ಕೊಳ್ಳಿ" ಎಂದು ನಿನ್ನ ಹೆಂಡತಿ ಮೊನ್ನೆವರೆಗೂ ತಮಾಷೆ ಮಾಡುತ್ತಿದ್ದಳು. ಈಗ ಈ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿಲ್ಲ.

ನೀನಿರುವ ಕೊಯ್ಲಿನ ಬಿಡಾರಕ್ಕೆ ಫೋನು ಸಿಗುವುದಿಲ್ಲ. ಬೆಲ್ಟು, ಬ್ಲೇಡು ತಲುಪಿಸುವ ವ್ಯಾನಿನವನು ಮಧ್ಯಾಹ್ನ ಆ ಕಡೆ ಹೊರಡುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ನಿಂತಲ್ಲೇ ಓದಿಬಿಡಬೇಡ, ಕೂತುಕೊಂಡು ಓದು.

ನೀನು ಎರಡು ಕೊಯ್ಲು ಯಂತ್ರಗಳನ್ನೂ ಲಾರಿಯನ್ನೂ ತೆಗೆದುಕೊಂಡು ಹೋದ ವಾರದಲ್ಲೇ ನಿನ್ನ ತಮ್ಮ ಒಂದು ಪೀಪಾಯಿ ಗ್ರೀಸ್ ತಂದ. ನೋಡಲು ನಮ್ಮ ಗಾಲಿಯ ಗ್ರೀಸಿನ ಹಾಗೇ ಜೇನಿನ ಬಣ್ಣ, ನುಣುಪು. ಲಾರಿಗೂ ಇದೇ, ಟ್ರ್ಯಾಕ್ಟರಿಗೂ ಇದೇ, ಎಲ್ಲದಕ್ಕೂ ಒಂದೇ ಎಂದು ಮಾರುವವನು ಹೇಳಿದ್ದನಂತೆ. ನಿಮ್ಮಪ್ಪ ಇದ್ದಾಗಿನಿಂದ ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ಇದೆಯಲ್ಲ, ನಮ್ಮ ಪದ್ಧತಿ ನಿನಗೆ ಗೊತ್ತು: ಗಾಲಿಯ ಬೇರಿಂಗಿಗೆ ಬ್ರೇಕಿನ ಬಿಸಿ ತಡೆಯುವಂಥದ್ದು, ಕೆಸರಲ್ಲಿ ಮುಳುಗೇಳುವ ಪಿನ್ನುಗಳಿಗೆ ನೀರಿಗೆ ಬಿಡದೆ ಅಂಟಿಕೊಳ್ಳುವಂಥದ್ದು, ಟ್ರೇಲರಿನ ಭಾರ ಕೂರುವ ತಟ್ಟೆಗೆ ಆ ಕರೀ ಗ್ರೀಸು. ಅದನ್ನೇ ಅವನಿಗೆ ಹೇಳಿದೆ. "ಅಮ್ಮಾ, ಒಬ್ಬ ಗಂಡನಿಗೆ ಮೂವರು ಹೆಂಡಿರನ್ನ ಕಟ್ಟೋ ಕಾಲ ಮುಗೀತು" ಎಂದ. ನಾನೂ ನಕ್ಕೆ. ಆದರೆ ಗಾಲಿಗೆ ಮಾತ್ರ ಅದನ್ನು ಹಾಕಕೂಡದು ಎಂದೆ, ಹೂಂ ಎಂದ. ಅವನ ಹೂಂ ಎಂಥದ್ದು ಎಂದು ಹೆತ್ತವಳಿಗೆ ಗೊತ್ತಿರಬೇಕಿತ್ತು.

ಹೋದ ಶನಿವಾರ ನಮ್ಮ ಉದ್ದಣ್ಣ ತನ್ನ ಲಾರಿಯ ಮುಂದಿನ ಗಾಲಿಗಳಿಗೆ ಗ್ರೀಸ್ ಮಾಡಿಸಿಕೊಂಡು ಹೋದ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಲಾರಿಯ ಹಾರ್ನ್ ಒತ್ತಿಸುತ್ತಿದ್ದ ಡ್ರೈವರ್ ಅವನೇ, ನಿನಗೆ ಅಪ್ಪನಷ್ಟೇ ಸಲಿಗೆ. ಹಳೆಯ ಗ್ರೀಸನ್ನು ತೊಳೆಯದೆ ಅದರ ಮೇಲೇ ನಿನ್ನ ತಮ್ಮ ಹೊಸದನ್ನು ತುಂಬಿದ್ದ. ಒಂದಕ್ಕೊಂದು ಒಗ್ಗದ ಎರಡು ಗ್ರೀಸ್ ಸೇರಿದರೆ ಸವತಿಯರು ಒಂದೇ ಒಲೆಗೆ ಬಂದ ಹಾಗೆ, ಎರಡೂ ಕೆಡುತ್ತವೆ. ಸೋಮವಾರ ಕಾಳಿನ ಮೂಟೆ ಹೇರಿಕೊಂಡು ನದಿಯ ಕಡೆಯ ಇಳಿಜಾರಿನಲ್ಲಿ ಬರುವಾಗ ಎಡಗಡೆಯ ಗಾಲಿಯ ನಡುವಿನ ಹಬ್ ಕಾದಿದೆ. ಗ್ರೀಸ್ ಕರಗಿ, ಎಣ್ಣೆಯ ಹಾಗೆ ಸೋರಿ, ಗಾಲಿಯನ್ನು ಉಜ್ಜಿ ಹಿಡಿಯುವ ಬ್ರೇಕ್ ಲೈನಿಂಗಿಗೆ ಇಳಿದಿದೆ. ಆ ಬದಿ ಬ್ರೇಕು ಹಿಡಿಯಲಿಲ್ಲ, ಈ ಬದಿ ಹಿಡಿಯಿತು. ಲಾರಿ ಗಿರ್ರನೆ ತಿರುಗಿ ಗೋದಾಮಿನ ಗೋಡೆಗೆ ಬಡಿಯಿತು. ಉದ್ದಣ್ಣ ಬದುಕಿದ್ದಾನೆ. ಬಲಗಾಲು ಎರಡು ಕಡೆ ಮುರಿದಿದೆ, ಇನ್ನು ಸ್ಟೇರಿಂಗ್ ಹಿಡಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ.

ಲಾರಿಯನ್ನು ಎಳೆದು ತಂದು ನಮ್ಮ ಅಂಗಳದಲ್ಲೇ ನಿಲ್ಲಿಸಿದರು. ನಾನು ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ನಿನ್ನ ತಮ್ಮ ಆ ಗಾಲಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ಹಬ್ ತೊಳೆಯುತ್ತಿದ್ದ. ಗಾಬರಿಯಿಂದಲ್ಲ ಕಣೋ, ನಿಧಾನವಾಗಿ, ಹಸುಗೂಸಿಗೆ ನೀರು ಹಾಕುವ ಹಾಗೆ. ಬ್ರಷ್ ಕಸಿದುಕೊಂಡೆ. ಬೇರಿಂಗಿನ ಒಳಸಂದಿಗೆ ಬೆರಳು ಹಾಕಿದೆ. ಹತ್ತಿದ್ದು ಗ್ರೀಸಲ್ಲ, ಕಪ್ಪು ನೀರು. "ಲೋಡ್ ಜಾಸ್ತಿ ಹಾಕಿದ್ದ ಅಮ್ಮಾ, ಗ್ರೀಸಿಗೂ ಅದಕ್ಕೂ ಸಂಬಂಧ ಇಲ್ಲ" ಎಂದ. ನನ್ನ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ. ಅವನು ಸುಳ್ಳು ಹೇಳುತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಆ ಮಾತನ್ನು ಅವನು ನಂಬಿದ್ದ.

ಮಂಗಳವಾರ ಆಸ್ಪತ್ರೆಗೆ ಹೋದೆ. ಉದ್ದಣ್ಣನ ಕಾಲು ಮಂಚದಿಂದ ಆಚೆ ಚಾಚಿಕೊಂಡಿತ್ತು, ಅವನ ಉದ್ದಕ್ಕೆ ತಕ್ಕ ಮಂಚ ಅಲ್ಲೂ ಇಲ್ಲ. "ನಂದೇ ತಪ್ಪು ಅಕ್ಕಾ, ವಯಸ್ಸಾಯ್ತು, ಬ್ರೇಕ್ ಒತ್ತೋದು ತಡವಾಯ್ತು" ಎಂದು ಅಳುತ್ತಿದ್ದ. ಹೆಂಡತಿಯೂ ಅವನನ್ನೇ ಬೈಯುತ್ತಿದ್ದಳು. ನಾನು ಇಬ್ಬರ ಎದುರಿಗೂ ಹೇಳಿಬಿಟ್ಟೆ: ತಪ್ಪು ನಿನ್ನದಲ್ಲ, ನಮ್ಮ ಮನೆಯದು, ನನ್ನ ಮಗ ತುಂಬಿದ ಗ್ರೀಸಿನದು. ಅವಳು ನಾನು ಕೊಂಡುಹೋಗಿದ್ದ ಹಣ್ಣಿನ ಚೀಲವನ್ನು ಮೆಲ್ಲಗೆ ನನ್ನ ಕೈಗೇ ವಾಪಸ್ಸು ಕೊಟ್ಟಳು.

ಮನೆಗೆ ಬಂದು ನಿನ್ನ ತಮ್ಮನಿಗೆ ಅದನ್ನೂ ಹೇಳಿದೆ, ಪೀಪಾಯಿಯನ್ನು ಹೊರಗೆ ಹಾಕು ಎಂದೂ ಹೇಳಿದೆ. ಅವನು ಕೂಗಾಡುತ್ತಾನೆಂದುಕೊಂಡಿದ್ದೆ. "ಆಯ್ತಮ್ಮಾ" ಎಂದ, ತಟ್ಟೆ ತೊಳೆದಿಟ್ಟು ಮಲಗಿದ. ಚಿಕ್ಕಂದಿನಿಂದ ಅವನು ತಟ್ಟೆ ತೊಳೆದದ್ದನ್ನು ನಾನು ಕಂಡಿಲ್ಲ. ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ಪೀಪಾಯಿ ಖಾಲಿ, ಒಳಗೆಲ್ಲ ಒರೆಸಿ ಅಂಗಳದಲ್ಲಿ ಬೋರಲು ಹಾಕಿದ್ದಾನೆ. ಬುದ್ಧಿ ಬಂತಪ್ಪಾ ಎಂದು ಜೀವ ತಣ್ಣಗಾಯಿತು. "ಅಣ್ಣನಿಗೆ ಕೆಲಸಕ್ಕೆ ಜನ ಸಾಲದು, ನಾಲ್ಕು ದಿನ ಜೊತೆಗಿದ್ದು ಬರ್ತೀನಿ" ಎಂದು ಹುಲ್ಲಿನ ಲಾರಿ ಹತ್ತಿ ನಿನ್ನ ಕಡೆಗೇ ಹೊರಟ. ಬುತ್ತಿ ಕಟ್ಟಿಕೊಟ್ಟವಳು ನಾನೇ. ಲಾರಿ ಅಲ್ಲಲ್ಲಿ ಹುಲ್ಲು ಇಳಿಸಿಕೊಂಡು ಬರುತ್ತದೆ, ನಾಳೆಯೋ ನಾಡಿದ್ದೋ ಬಂದಾನು. ಬಂದರೆ ಬೈಯಬೇಡ, ಮೊದಲು ಹೊಟ್ಟೆಗೆ ಹಾಕು. ಅವನೂ ಒಳಗೊಳಗೇ ಬೆಂದಿದ್ದಾನೆ.

ಚಳಿ ಶುರುವಾಗಿದೆ, ಬರಿ ನೆಲದಲ್ಲಿ ಮಲಗಬೇಡ. ನಿನ್ನ ಹೆಂಡತಿ ತಾನೇ ಬೇರೆ ಬರೆಯುತ್ತಾಳಂತೆ, ನಾನು ಓದಬಾರದಂತೆ. ಕೊಯ್ಲು ಒಳ್ಳೆಯದಾಗಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ, ಹೋದ ಹಾಗೇ ತಿರುಗಿ ಬಾ.

ನಿನ್ನನ್ನೇ ನೆನೆಯುವ
ಅಮ್ಮ

ಮೇಲೆ ಬರೆಯಲು ಮರೆತದ್ದಲ್ಲ, ಈಗಷ್ಟೇ ತಿಳಿದದ್ದು. ವ್ಯಾನು ಬಂದು ಹಾರ್ನ್ ಹೊಡೆಯುತ್ತಿದೆ. ಪಕ್ಕದ ವೆಲ್ಡಿಂಗಿನವನು ಓಡಿ ಬಂದು ಹೇಳಿದ. ನಿನ್ನ ತಮ್ಮ ಗ್ರೀಸ್ ಚೆಲ್ಲಿಲ್ಲ. ಉಗ್ರಾಣದ ಹಿಂದೆ ಬಿದ್ದಿದ್ದ ನಮ್ಮ ಖಾಲಿ ಡಬ್ಬಿಗಳಿಗೇ ತುಂಬಿ, ಮುಚ್ಚಳ ಬಡಿದು, ಹುಲ್ಲಿನ ಲಾರಿಗೆ ಹೇರಿಸಿಕೊಂಡಿದ್ದಾನೆ. "ಅಣ್ಣನಿಗೆ ಹೇಳದೆ ಎಲ್ಲಾ ಗಾಡಿಗೂ ಹಾಕ್ತೀನಿ, ಕೊಯ್ಲು ಮುಗಿದ ಮೇಲೆ ಗ್ರೀಸ್ ಚೆನ್ನಾಗಿದೆಯೋ ಇಲ್ವೋ ಅಮ್ಮನೇ ಹೇಳ್ಲಿ" ಎಂದನಂತೆ. ನಿನ್ನೆ ಹೊರಡುವಾಗ ನಗುತ್ತಲೇ ಹೇಳಿದನಂತೆ, ವೆಲ್ಡಿಂಗಿನವನು ತಮಾಷೆ ಎಂದುಕೊಂಡಿದ್ದನಂತೆ. ಡಬ್ಬಿ ನಮ್ಮದೇ, ಚೀಟಿ ನಮ್ಮದೇ, ಬಣ್ಣವೂ ಅದೇ. ನೋಡಿ ಗುರುತು ಹಿಡಿಯಲು ನಿನ್ನಿಂದ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ. ಅವನು ತಂದ ಒಂದು ಡಬ್ಬಿಯನ್ನೂ ತೆರೆಯಬೇಡ. ಈ ಕಾಗದಕ್ಕಿಂತ ಮೊದಲೇ ಅವನು ಬಂದಿದ್ದರೆ ಯಂತ್ರಗಳನ್ನು ಇದ್ದಲ್ಲೇ ನಿಲ್ಲಿಸು, ಪೈರು ಒಣಗಿ ಉದುರಿದರೆ ಉದುರಲಿ. ಲಾರಿ ಹತ್ತಬೇಡ, ನಡೆದುಕೊಂಡು ಬಾ. ಅವನೂ ನನ್ನ ಹೊಟ್ಟೆಯಲ್ಲೇ ಹುಟ್ಟಿದವನು, ಈ ಮಾತು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ರಾತ್ರಿ ಅವನನ್ನು ಗಾಡಿಗಳ ಹತ್ತಿರ ಒಬ್ಬನನ್ನೇ ಬಿಡಬೇಡ.